ಚಿಕ್ಕಮಗಳೂರಿನಿಂದ ಕೀನ್ಯಾಕ್ಕೆ ಸೇವಾ ತಂಡ: ದೋಹಾದಲ್ಲಿ ವಿಮಾನ ಬದಲಿಸುವವರಿಗೆ

ಮೊದಲು ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಸುಮ್ನೆ ಹೇಳ್ತಿಲ್ಲ, ಹಳದಿ ಕಾರ್ಡ್, ಅಂದರೆ ಈ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ, ಇಲ್ಲದೆ ವಾಪಸ್ ಬಂದರೆ ಬೆಂಗಳೂರಿನಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ.

ಬೆಂಗಳೂರಿನ ಕೌಂಟರ್‌ನಲ್ಲಿ ಬ್ಯಾಗಿಗೆ ಕಟ್ಟುವ ಚೀಟಿ ಓದಿ. ನೈರೋಬಿಯ ಗುರುತು ಎನ್‌ಬಿಒ ಅಂತಿದ್ದರೆ ದೋಹಾದಲ್ಲಿ ಬ್ಯಾಗ್ ಹುಡುಕೋ ತಲೆನೋವಿಲ್ಲ. ಆದರೆ ಅಲ್ಲಿ ಮತ್ತೆ ತಪಾಸಣೆ ಇರುತ್ತೆ, ನೀರಿನ ಬಾಟಲಿ ಖಾಲಿ ಮಾಡಿ. ಅತ್ತಿಗೆ ಕೊಟ್ಟ ಮಿಡಿ ಉಪ್ಪಿನಕಾಯಿ, ಎಂ.ಜಿ. ರಸ್ತೆಯಲ್ಲಿ ಕೊಂಡ ಕಾಫಿಪುಡಿ ದೊಡ್ಡ ಬ್ಯಾಗಿಗೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ.

ದೋಹಾದಲ್ಲಿ ಇಡೀ ತಂಡ ಕುರಿಮಂದೆ ಥರ ಅಲೆಯೋದು ಬೇಡ. ಗೇಟ್ ಹತ್ತಿರ ಸೇರುವ ಸಮಯ ಹೇಳಿ ಬಿಟ್ಟುಬಿಡಿ. ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿ. ನೈರೋಬಿಗೂ ಅದೇ ಸಮಯ, ಮತ್ತೆ ಮುಟ್ಟಬೇಕಿಲ್ಲ.