ಅಣ್ಣನ ಕಾಲಿಗೆ ಚೆಂಡು ತಲುಪಿಸುವವರು

ವಯಸ್ಸಾದ ಆಟಗಾರನ ಬಗ್ಗೆ ಮೈದಾನದ ಅಂಚಿನಲ್ಲಿ ಎರಡೇ ಮಾತು ಕೇಳಿಬರುತ್ತವೆ. ಗೋಲು ಹೊಡೆದರೆ "ಹಳೆ ಹುಲಿ", ಹೊಡೆಯದಿದ್ದರೆ "ಇನ್ನು ಸಾಕು, ಬಿಟ್ಟುಬಿಡಲಿ". ಎರಡರಲ್ಲೂ ಅವನ ಸುತ್ತ ಓಡುವವರ ಸುದ್ದಿಯೇ ಇರುವುದಿಲ್ಲ. ಮೈಸೂರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್‌ಗೆ ತರಬೇತಿ ಕೊಡುತ್ತಾ, ನಲವತ್ತರ ಹತ್ತಿರ ಬಂದ ನಾಯಕರೊಬ್ಬರನ್ನು ನಡುವೆ ಇಟ್ಟುಕೊಂಡು ತಂಡ ಕಟ್ಟಿದವನು ನಾನು. ಅವರ ಗೋಲುಗಳ ಹಿಂದೆ ಯಾರ ಯಾರ ಓಟವಿದೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ಅವರನ್ನು ತಂಡದವರೆಲ್ಲ ಅಣ್ಣ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಮೊಣಕಾಲು ಕೈಕೊಡುವವರೆಗೆ ನಾನು ಮಿಡ್‌ಫೀಲ್ಡಿನಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ, ಅವರ ಬೆನ್ನ ಹಿಂದೆಯೇ ಆಡುತ್ತಿದ್ದೆ. ಎದುರಾಳಿಯಿಂದ ಚೆಂಡು ಕಸಿದು ಅವರಿಗೆ ದಾಟಿಸುವುದು ನನ್ನ ಕೆಲಸ. ಆ ಕೆಲಸ ಎಷ್ಟು ದಣಿಸುತ್ತದೆ, ಎಷ್ಟು ಕಡಿಮೆ ಚಪ್ಪಾಳೆ ಗಳಿಸುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಮೂವತ್ತೈದು ದಾಟಿದ ಆಟಗಾರನಲ್ಲಿ ಏನು ಕಡಿಮೆಯಾಗುತ್ತದೆ ಎಂಬುದನ್ನು ಮೊದಲು ಸರಿಯಾಗಿ ನೋಡಬೇಕು. ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹತೋಟಿಗೆ ತರುವ ಕಲೆ ಹೋಗುವುದಿಲ್ಲ. ಎಲ್ಲಿ ಜಾಗ ತೆರೆಯುತ್ತದೆ ಎಂದು ಮುಂಚೆಯೇ ಕಾಣುವ ಕಣ್ಣು ಹೋಗುವುದಿಲ್ಲ, ಅದು ಇನ್ನಷ್ಟು ಚುರುಕಾಗುತ್ತದೆ. ಹೋಗುವುದು ಮೇಲಿಂದ ಮೇಲೆ ಓಡುವ ಶಕ್ತಿ. ಅಣ್ಣ ಇವತ್ತಿಗೂ ಒಂದು ಓಟದಲ್ಲಿ ಇಪ್ಪತ್ತು ವರ್ಷದ ಡಿಫೆಂಡರ್‌ನನ್ನು ಹಿಂದೆ ಹಾಕಬಲ್ಲರು. ಅದೇ ಓಟವನ್ನು ಅರ್ಧ ನಿಮಿಷದೊಳಗೆ ಇನ್ನೊಮ್ಮೆ ಓಡಲಾರರು. ಪಂದ್ಯದ ಮರುದಿನ ಅವರ ತೊಡೆಯ ಹಿಂಭಾಗದ ಸ್ನಾಯು ಬಿಗಿದಿರುತ್ತದೆ, ಸಡಿಲಗೊಳ್ಳಲು ಹುಡುಗರಿಗಿಂತ ಹೆಚ್ಚು ದಿನ ಬೇಕು. ದೊಡ್ಡ ಮಟ್ಟದ ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್ ಒಬ್ಬ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ನಮ್ಮದು ಅಷ್ಟು ದೊಡ್ಡ ಆಟವಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ, ಕಲ್ಲಿನಂತೆ ಗಟ್ಟಿಯಾದ ಕೆಮ್ಮಣ್ಣಿನ ಅಂಕಣದಲ್ಲಿ ಅದರ ಅರ್ಧ ಓಡಿದರೂ ದೇಹ ಬಸವಳಿಯುತ್ತದೆ.

ನಾನು ಮಾಡಿದ ಮೊದಲ ಕೆಲಸ ಮೆಟ್ಟಿಲ ಮೇಲಿನಿಂದ ಪಂದ್ಯಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸುವುದು. ಚೆಂಡನ್ನು ಬಿಟ್ಟು ಅಣ್ಣನ ಮೇಲೆ ಮಾತ್ರ ಕ್ಯಾಮೆರಾ ಇಡಿಸಿದೆ. ನೋಡಿದಾಗ ವಿಷಯ ತಾನಾಗಿಯೇ ತೆರೆದುಕೊಂಡಿತು. ಅವರ ಓಟದ ಬಹುಪಾಲು ಹಿಂದಕ್ಕೆ ಹೋಗುತ್ತಿತ್ತು. ನಮ್ಮ ಹುಡುಗರಿಗೆ ಮುಂದಕ್ಕೆ ಪಾಸ್ ಕೊಡುವ ಧೈರ್ಯವಿರಲಿಲ್ಲ, ಚೆಂಡು ಸಿಕ್ಕ ಕೂಡಲೇ ಅಣ್ಣನನ್ನು ಹುಡುಕುತ್ತಿದ್ದರು. ಅಣ್ಣ ಚೆಂಡಿಗಾಗಿ ನಮ್ಮ ಡಿಫೆಂಡರ್‌ಗಳ ಹತ್ತಿರಕ್ಕೇ ಇಳಿದು ಬರುತ್ತಿದ್ದರು. ಅಲ್ಲಿಂದ ಗೋಲಿನವರೆಗೆ ಚೆಂಡನ್ನು ಒಬ್ಬರೇ ಹೊತ್ತುಕೊಂಡು ಹೋಗಬೇಕು. ಗೋಲಿನ ಮುಂದೆ ತಲುಪುವ ಹೊತ್ತಿಗೆ ಒದೆಯಲು ಕಾಲಲ್ಲಿ ಕಸುವು ಉಳಿದಿರುತ್ತಿರಲಿಲ್ಲ. ಜನ ಇದನ್ನೇ "ವಯಸ್ಸಾಯಿತು" ಎನ್ನುತ್ತಿದ್ದರು.

ಆ ಹೊತ್ತಿಗೆ ಕತಾರ್‌ನಲ್ಲಿ ನಡೆದ 2022ರ ವಿಶ್ವಕಪ್ ಮುಗಿದಿತ್ತು. ಅಭ್ಯಾಸದ ನಂತರ ಹುಡುಗರನ್ನು ಕೂರಿಸಿ ಅರ್ಜೆಂಟೀನಾದ ಪಂದ್ಯಗಳ ತುಣುಕುಗಳನ್ನು ತೋರಿಸಿದೆ. ಮೆಸ್ಸಿಗೆ ಆಗ 35 ವರ್ಷ. ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾ ಎದುರು 1–2ರಿಂದ ಸೋತ ತಂಡ ಅದು. ಆಮೇಲೆ ತರಬೇತುದಾರ ಸ್ಕಲೋನಿ ಏನು ಮಾಡಿದರು? ಮೆಸ್ಸಿಯನ್ನು ಮುಟ್ಟಲಿಲ್ಲ, ಸುತ್ತಲಿನವರನ್ನು ಬದಲಾಯಿಸಿದರು. 21ರ ಎನ್ಜೊ ಫೆರ್ನಾಂಡಿಸ್, 22ರ ಹುಲಿಯನ್ ಆಲ್ವಾರೆಜ್, 23ರ ಮ್ಯಾಕ್ ಆಲಿಸ್ಟರ್ ಹನ್ನೊಂದರ ಬಳಗಕ್ಕೆ ಬಂದರು. ಡಿ ಪಾಲ್ ಆಗಲೇ ಅಲ್ಲಿದ್ದರು. ಈ ನಾಲ್ವರು ಓಡಿದರು, ಮೆಸ್ಸಿ ನಡೆದರು. ನಡೆಯುತ್ತಲೇ ಟೂರ್ನಿಯಲ್ಲಿ 7 ಗೋಲು ಹೊಡೆದು ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಎನ್ಜೊ ಶ್ರೇಷ್ಠ ಯುವ ಆಟಗಾರನಾದ.

ಕ್ರೊಯೇಷ್ಯಾ ಎದುರಿನ ಸೆಮಿಫೈನಲ್ ನೆನಪಿರುವವರಿಗೆಲ್ಲ ಮೂರನೇ ಗೋಲು ನೆನಪಿರುತ್ತದೆ. ಬಲಬದಿಯಲ್ಲಿ ಗ್ವಾರ್ಡಿಯೊಲ್ ಎಂಬ ಯುವ ಡಿಫೆಂಡರ್‌ನನ್ನು ಮೆಸ್ಸಿ ತಿರುಗಿಸಿ ತಿರುಗಿಸಿ ಬಿಟ್ಟ ಗೋಲು. ನಾನು ಹುಡುಗರಿಗೆ ಹೆಚ್ಚು ಸಲ ತೋರಿಸಿದ್ದು ಮೊದಲನೆಯದನ್ನು. ಎನ್ಜೊ ಎತ್ತಿ ಕೊಟ್ಟ ಪಾಸ್‌ಗೆ ಆಲ್ವಾರೆಜ್ ನೇರ ಓಡುತ್ತಾನೆ, ಗೋಲ್‌ಕೀಪರ್ ಅವನಿಗೆ ಡಿಕ್ಕಿ ಹೊಡೆಯುತ್ತಾನೆ, ಪೆನಾಲ್ಟಿ ಸಿಗುತ್ತದೆ, ಅದನ್ನು ಮೆಸ್ಸಿ ಗೋಲಾಗಿಸುತ್ತಾರೆ. ಪತ್ರಿಕೆಯಲ್ಲಿ ಮೆಸ್ಸಿ ಗೋಲು ಎಂದು ಬರುತ್ತದೆ. ಓಟ ಆಲ್ವಾರೆಜ್‌ನದು.

ನಮ್ಮ ತಂಡದಲ್ಲಿ ಆ ಓಟ ಓಡಬೇಕಾದವನು ಬೈಲುಕುಪ್ಪೆಯಿಂದ ಮೈಸೂರಿಗೆ ಓದಲು ಬಂದ ಟಿಬೆಟನ್ ಹುಡುಗ. ಗಾಳಿಯಂಥ ವೇಗ, ಮಾತು ಕಡಿಮೆ. ಅವನಿಗೆ ಹೇಳಿದ್ದು ಇಷ್ಟೇ: ಅಣ್ಣನಿಗೆ ಚೆಂಡು ಬರುವುದಕ್ಕೆ ಒಂದು ಕ್ಷಣ ಮೊದಲು ನೀನು ಎದುರಾಳಿ ಡಿಫೆಂಡರ್‌ಗಳ ನಡುವಿನಿಂದ ಗೋಲಿನ ಕಡೆಗೆ ಓಡಬೇಕು. ಚೆಂಡು ಬಂದರೂ ಸರಿ, ಬಾರದಿದ್ದರೂ ಸರಿ. ನೀನು ಓಡಿದರೆ ಇಬ್ಬರು ನಿನ್ನ ಹಿಂದೆ ಬರುತ್ತಾರೆ, ಅವರು ಬಿಟ್ಟ ಜಾಗದಲ್ಲಿ ಅಣ್ಣ ತಿರುಗಬಹುದು. ಕೆಲವು ವಾರ ಹಾಗೆಯೇ ಆಡಿದ. ಒಂದು ದಿನ ಬಂದು, "ಸರ್, ಓಡುವವನು ನಾನು, ಗೋಲು ಮಾತ್ರ ಅಣ್ಣನದ್ದು" ಎಂದ.

ಅದು ನ್ಯಾಯವಾದ ಮಾತು. ಹಿರಿಯರಿಗಾಗಿ ದುಡಿಯಬೇಕು ಎಂಬ ಉಪದೇಶದಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ನಾನು ಅವನನ್ನು ಅಣ್ಣನ ಬಳಿಗೇ ಕರೆದುಕೊಂಡು ಹೋದೆ. ಅಣ್ಣ ಕೇಳಿಸಿಕೊಂಡು, "ಮೂರು ಸಲ ನನಗಾಗಿ ಓಡು. ನಾಲ್ಕನೇ ಸಲ ಚೆಂಡು ನಿನ್ನ ಕಾಲಿಗೆ ಬರುತ್ತದೆ. ಬಾರದಿದ್ದರೆ ಮೈದಾನದ ನಡುವೆಯೇ ನನ್ನನ್ನು ಬೈಯಬಹುದು" ಎಂದರು. ಹೇಳಿದಂತೆ ನಡೆದುಕೊಂಡರು. ಮೂರು ಸಲ ಹಿಂಬಾಲಿಸಿ ಮೋಸಹೋದ ಡಿಫೆಂಡರ್ ನಾಲ್ಕನೇ ಸಲ ಅಣ್ಣನ ಕಡೆಗೆ ಹೆಜ್ಜೆ ಇಡುತ್ತಾನೆ, ಅದೇ ಹೊತ್ತಿಗೆ ಪಾಸ್ ಅವನ ಬೆನ್ನ ಹಿಂದೆ ಹೋಗುತ್ತದೆ. ಕತಾರ್‌ನಲ್ಲಿ ಆಲ್ವಾರೆಜ್ ಸ್ವತಃ 4 ಗೋಲು ಗಳಿಸಿದ್ದು ಇಂಥ ಲೆಕ್ಕಾಚಾರದಿಂದಲೇ ಎಂದು ನನ್ನ ತಿಳಿವಳಿಕೆ. ಓಡುವವನ ಋಣವನ್ನು ಹಿರಿಯ ಆಟಗಾರ ಪಾಸ್‌ಗಳಲ್ಲಿ ತೀರಿಸಬೇಕು. ತೀರಿಸದಿದ್ದರೆ ಕೆಲವೇ ವಾರಗಳಲ್ಲಿ ಯಾರೂ ಅವನಿಗಾಗಿ ಓಡುವುದಿಲ್ಲ, ಓಡಬೇಕಾಗಿಯೂ ಇಲ್ಲ.

ಎಲ್ಲರಿಗಿಂತ ಕಷ್ಟದ ಕೆಲಸ ಬಲಬದಿಯ ಮಿಡ್‌ಫೀಲ್ಡರ್‌ನದು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವ ಹುಡುಗ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಅಭ್ಯಾಸಕ್ಕೆ ಬಂದ ದಿನಗಳೂ ಇವೆ. ಅಣ್ಣ ಆಡುವುದು ಮುಂದೆ, ಬಲಕ್ಕೆ ಸ್ವಲ್ಪ ವಾಲಿ. ಚೆಂಡು ಎದುರಾಳಿಗೆ ಹೋದಾಗ ಅವರು ಹಿಂದಕ್ಕೆ ಓಡಿಬರುವುದಿಲ್ಲ. ಹಾಗಾಗಿ ಎದುರಾಳಿಯ ಎಡಬದಿಯ ಡಿಫೆಂಡರ್ ಮುಂದಕ್ಕೆ ನುಗ್ಗಿ ಬಂದರೆ ನಮ್ಮ ಬಲಬದಿಯಲ್ಲಿ ಇಬ್ಬರ ಎದುರು ಒಬ್ಬನೇ ಉಳಿಯುತ್ತಾನೆ. ಆ ಕೊರತೆಯನ್ನು ಈ ಹುಡುಗ ತುಂಬಬೇಕು. ಅವನು ಬಲಕ್ಕೆ ಸರಿದಾಗ ನಡುವಿನ ಇಬ್ಬರೂ ಬಲಕ್ಕೆ ಸರಿಯಬೇಕು, ಎಡಬದಿಯವನು ಒಳಕ್ಕೆ ಬರಬೇಕು. ನಾಲ್ವರೂ ಒಂದೇ ಹಗ್ಗಕ್ಕೆ ಕಟ್ಟಿದಂತೆ ಚಲಿಸಿದರೆ ಮಾತ್ರ ಇದು ನಡೆಯುತ್ತದೆ. ಚೆಂಡಿಲ್ಲದೆ, ನಾನು ಕೈ ತೋರಿಸಿದ ಕಡೆಗೆ ನಾಲ್ವರೂ ಸರಿಯುವ ಅಭ್ಯಾಸವನ್ನು ತಿಂಗಳುಗಟ್ಟಲೆ ಮಾಡಿಸಿದ್ದೇನೆ. ಹುಡುಗರಿಗೆ ಬೇಸರ ತರುವ ಅಭ್ಯಾಸ ಅದು. ಅದಕ್ಕೆ ಬೇರೆ ದಾರಿ ನಾನು ಕಂಡಿಲ್ಲ.

ಹಾಗೆಂದು ಅಣ್ಣನಿಗೆ ರಕ್ಷಣೆಯ ಕೆಲಸವೇ ಇಲ್ಲ ಎಂದಲ್ಲ. ಎದುರಾಳಿ ಡಿಫೆಂಡರ್‌ನಿಂದ ಅವರ ನಡುವಿನ ಆಟಗಾರನಿಗೆ ಪಾಸ್ ಹೋಗುವ ದಾರಿ ಒಂದಿರುತ್ತದೆ. ಅಣ್ಣ ಆ ದಾರಿಯಲ್ಲಿ ನಿಲ್ಲಬೇಕು. ಓಡಬೇಕಾಗಿಲ್ಲ, ನಾಲ್ಕು ಹೆಜ್ಜೆ ಸರಿದರೆ ಸಾಕು. ಎದುರಾಳಿ ಅನಿವಾರ್ಯವಾಗಿ ಅಂಚಿನ ಕಡೆಗೆ ಆಡುತ್ತಾನೆ, ಅಲ್ಲಿ ನಮ್ಮವರು ಕಾದಿರುತ್ತಾರೆ. ಸರಿಯಾದ ಜಾಗದಲ್ಲಿ ನಿಲ್ಲುವುದೂ ದುಡಿಮೆಯೇ. ಇದನ್ನೂ ಮಾಡದ ಹಿರಿಯ ಆಟಗಾರನನ್ನು ಯಾವ ತಂಡವೂ ಹೊರಲಾರದು.

ಪಾಸ್‌ನ ಬಗ್ಗೆ ಎರಡು ಮಾತು. ಯುವಕನಿಗೆ ಜಾಗದೊಳಕ್ಕೆ ಪಾಸ್ ಕೊಡಬೇಕು, ಅವನು ಓಡಿ ಹಿಡಿಯುತ್ತಾನೆ. ಅಣ್ಣನಿಗೆ ಕಾಲಿಗೇ ಕೊಡಬೇಕು, ಅದೂ ಬಲಗಾಲಿಗೆ, ನೆಲಕ್ಕೆ ತಾಗಿಕೊಂಡು, ಬಿರುಸಾಗಿ. ನಮ್ಮ ಅಂಕಣಗಳಲ್ಲಿ ಗಾಳಿಯಲ್ಲಿ ಬಂದ ಚೆಂಡು ಎಲ್ಲೆಲ್ಲೋ ಪುಟಿಯುತ್ತದೆ, ಅದಕ್ಕಾಗಿ ಹೋರಾಡುವಾಗಲೇ ಮೊಣಕಾಲು, ಪಾದದ ಕೀಲು ಉಳುಕುವುದು. ಮೆತ್ತಗೆ ಉರುಳಿ ಬಂದ ಚೆಂಡಿನ ಜೊತೆಗೆ ಡಿಫೆಂಡರ್ ಕೂಡ ಬಂದಿರುತ್ತಾನೆ. ಪಾಸ್ ಕೊಟ್ಟವನು ನಿಂತು ನೋಡಬಾರದು, ಅಣ್ಣನ ಪಕ್ಕದಿಂದ ದಾಟಿ ಓಡಬೇಕು. ಚೆಂಡು ಸಿಕ್ಕಾಗ ಅವರ ಕಣ್ಣಿಗೆ ಇಬ್ಬರಾದರೂ ಕಾಣಬೇಕು. ಒಬ್ಬನೂ ಕಾಣದಿದ್ದರೆ ಎಂಥ ಕಲೆಗಾರನೂ ಹಿಂದಕ್ಕೇ ತಿರುಗಿಸಿ ಕೊಡುತ್ತಾನೆ.

ಇದು ಮೆಸ್ಸಿಯಿಂದ ಶುರುವಾದದ್ದೇನೂ ಅಲ್ಲ. 2006ರ ವಿಶ್ವಕಪ್‌ನಲ್ಲಿ 34ರ ಜಿದಾನ್ ಫ್ರಾನ್ಸ್ ತಂಡವನ್ನು ಫೈನಲ್‌ವರೆಗೆ ತಂದಾಗ ಹಿಂದೆ ಮಕಲೇಲೆ ಮತ್ತು ವಿಯೆರಾ ಇದ್ದರು. 2011ರಲ್ಲಿ ಇಟಲಿಯ ಮಿಲಾನ್ ಕ್ಲಬ್ ಬಿಟ್ಟು ಯುವೆಂಟಸ್ ಸೇರಿದ ಪಿರ್ಲೊಗೆ 32 ವರ್ಷ. ಆ ಲೀಗ್ ಋತುವಿನಲ್ಲಿ ಯುವೆಂಟಸ್ ಒಂದೂ ಪಂದ್ಯ ಸೋಲದೆ ಗೆದ್ದಿತು, ಪಿರ್ಲೊನ ಎರಡೂ ಬದಿಯಲ್ಲಿ ವಿಡಾಲ್ ಮತ್ತು ಮಾರ್ಕೀಸಿಯೊ ಓಡಿದರು. ನಮ್ಮಲ್ಲೇ ನೋಡಿ: ಸುನಿಲ್ ಚೆಟ್ರಿ 40 ತುಂಬಿದ ಮೇಲೆ 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿಗಾಗಿ 14 ಗೋಲು ಹೊಡೆದರು. ನಾವು ಅವರ ಶಿಸ್ತನ್ನು ಹೊಗಳುತ್ತೇವೆ, ಹೊಗಳಲೇಬೇಕು. ಅವರಿಗೆ ಚೆಂಡು ತಲುಪಿಸಿದವರ ಹೆಸರನ್ನೂ ಅಷ್ಟೇ ಪ್ರೀತಿಯಿಂದ ಹೇಳುವ ದಿನ ಬರಲಿ ಎಂಬುದು ನನ್ನಾಸೆ.

ಇನ್ನೊಂದು ಪಂದ್ಯವನ್ನೂ ಹುಡುಗರಿಗೆ ತೋರಿಸಿದ್ದೇನೆ, ಅಣ್ಣನೂ ಜೊತೆಗೆ ಕುಳಿತು ನೋಡಿದರು. ಅದೇ 2022ರ ಡಿಸೆಂಬರ್‌ನಲ್ಲಿ ಪೋರ್ಚುಗಲ್ ತಂಡ 37ರ ರೊನಾಲ್ಡೊರನ್ನು ಬೆಂಚಿನಲ್ಲಿ ಕೂರಿಸಿ, ಗೊನ್ಸಾಲೊ ರಾಮೋಸ್‌ನನ್ನು ಇಳಿಸಿತು. ರಾಮೋಸ್ ಮೂರು ಗೋಲು ಹೊಡೆದ, ಸ್ವಿಟ್ಜರ್ಲೆಂಡ್ 6–1ರಿಂದ ಸೋತಿತು. ಎಂಥ ದೊಡ್ಡ ಆಟಗಾರನಾದರೂ ತಂಡಕ್ಕೆ ಕೊಡುವುದು ತಂಡದಿಂದ ಪಡೆಯುವುದಕ್ಕಿಂತ ಕಡಿಮೆಯಾದ ದಿನ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಆದ್ದರಿಂದ ಅಣ್ಣನಿಗೂ ನನಗೂ ನಡುವೆ ಒಂದು ಒಪ್ಪಂದವಿದೆ: ಅರವತ್ತನೇ ನಿಮಿಷದ ಆಸುಪಾಸಿನಲ್ಲಿ ನಾನು ಕೈ ಎತ್ತಿದರೆ ಅವರು ಏನೂ ಕೇಳದೆ ಹೊರಗೆ ಬರುತ್ತಾರೆ. ವಾರದ ನಡುವಿನ ಓಟದ ಅಭ್ಯಾಸದಿಂದ ಅವರಿಗೆ ವಿನಾಯಿತಿ ಇದೆ. ಆ ಹೊತ್ತಿನಲ್ಲಿ ಅವರು ಗೋಲ್‌ಕೀಪರ್ ಜೊತೆ ಫ್ರೀ ಕಿಕ್ ಅಭ್ಯಾಸ ಮಾಡುತ್ತಾರೆ.

ಪಂದ್ಯ ಮುಗಿದ ಮೇಲೆ ನಮ್ಮಲ್ಲಿ ಗೋಲುಗಳ ಮಾತಿಗೆ ಮೊದಲು ಯಾರು ಎಷ್ಟು ಚೆಂಡು ಕಸಿದರು ಎಂಬ ಲೆಕ್ಕವನ್ನು ಗಟ್ಟಿಯಾಗಿ ಓದುತ್ತೇವೆ. ಓದುವವರು ಅಣ್ಣನೇ. ಹೂಟಗಳ್ಳಿಯ ಹುಡುಗನ ಹೆಸರು ಹೆಚ್ಚು ಸಲ ಮೊದಲು ಬರುತ್ತದೆ, ಆಗ ಉಳಿದವರು ಹಾಕುವ ಕೂಗು ಗೋಲಿಗೂ ಬಿದ್ದಿರುವುದಿಲ್ಲ.

ಮುಂದಿನ ಋತುವಿಗೆ ಅಣ್ಣ ತಾವೇ ಒಂದು ಬದಲಾವಣೆ ಕೇಳಿದ್ದಾರೆ. 1990ರ ವಿಶ್ವಕಪ್‌ನಲ್ಲಿ ಕ್ಯಾಮರೂನ್‌ನ ರೋಜರ್ ಮಿಲ್ಲಾ 38ನೇ ವಯಸ್ಸಿನಲ್ಲಿ ಬದಲಿ ಆಟಗಾರನಾಗಿ ಇಳಿದು 4 ಗೋಲು ಹೊಡೆದದ್ದು ಅವರಿಗೆ ಬಾಯಿಪಾಠ. ಮೊದಲಾರ್ಧ ಹೊರಗೆ ಕುಳಿತು, ಎದುರಾಳಿಗಳು ದಣಿದ ಮೇಲೆ ಇಳಿಯುತ್ತೇನೆ ಎನ್ನುತ್ತಾರೆ. ನನಗೂ ಅದು ಸರಿ ಕಂಡಿದೆ. ಅದರ ಅರ್ಥ, ಬಲಬದಿಯವನೂ ಬೈಲುಕುಪ್ಪೆಯ ಹುಡುಗನೂ ಒಂದೇ ಪಂದ್ಯದಲ್ಲಿ ಎರಡು ರೀತಿಯ ಆಟ ಕಲಿಯಬೇಕು: ಅಣ್ಣ ಇಲ್ಲದಾಗ ಎಲ್ಲರೂ ಮುಂದಿನಿಂದಲೇ ಎದುರಾಳಿಯ ಮೇಲೆ ಬೀಳುವುದು, ಅವರು ಬಂದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಕಾಯುವುದು. ಚಾಮುಂಡಿ ವಿಹಾರ ಕ್ರೀಡಾಂಗಣದ ಕಡೆ ಒಂದು ಅಂಕಣ ಸಿಕ್ಕರೆ ಈ ತಿಂಗಳಿಂದಲೇ ಅಭ್ಯಾಸ ಶುರುಮಾಡುತ್ತೇವೆ.