ಕನ್ನಡದ ಬೈಗುಳ ಹಿಡಿಯುವ ಜರಡಿ ಕಟ್ಟುವುದು ಹೇಗೆ?

ಕಳೆದ ನವೆಂಬರ್‌ನಲ್ಲಿ ವಿಜಯನಗರದ ನಮ್ಮ ಬಡಾವಣೆಯ ಆನ್‌ಲೈನ್ ಗುಂಪಿಗೆ ಸಂಘದ ಕಾರ್ಯದರ್ಶಿಯವರು ರಾಜ್ಯೋತ್ಸವದ ಕರೆಯೋಲೆ ಹಾಕಿದರು. ಬೆಳಗ್ಗೆ ಧ್ವಜಾರೋಹಣ, ಸಂಜೆ ಮಕ್ಕಳಿಂದ ಸಾಂಸ್ಕೃತಿಕ ಕಾರ್ಯಕ್ರಮ, ಕೊನೆಗೆ ಕಾರ್ತಿಕ ದೀಪೋತ್ಸವ. ಹಾಕಿದ ಕ್ಷಣಕ್ಕೇ ಅದು ಮಾಯವಾಯಿತು. ಮತ್ತೆ ಹಾಕಿದರು, ಮತ್ತೆ ಮಾಯ. ಮೂರನೇ ಸಲ ಹಾಕಿದಾಗ, ಬೈಗುಳ ಹಿಡಿಯಲು ನಾವು ಕೂರಿಸಿದ್ದ ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶ ಅವರನ್ನೇ ಗುಂಪಿನಿಂದ ಹೊರಗೆ ಹಾಕಿತು. ಎಪ್ಪತ್ತು ದಾಟಿದ ಹಿರಿಯರು. “ನಾನು ಏನು ಕೆಟ್ಟದ್ದು ಬರೆದೆ ಹೇಳಿ” ಎಂದು ಅವರು ಫೋನಿನಲ್ಲಿ ಕೇಳಿದಾಗ ನನ್ನ ಬಳಿ ತಕ್ಷಣಕ್ಕೆ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ನಾವೇ ಬಾಟ್‌ಗೆ ಕೊಟ್ಟಿದ್ದ ಬೈಗುಳದ ಪಟ್ಟಿಯಲ್ಲಿ. ಅದರಲ್ಲಿ ದೇಹದ ಹಿಂಭಾಗಕ್ಕೆ ಆಡುಮಾತಿನಲ್ಲಿ ಹೇಳುವ ಎರಡಕ್ಷರದ ಪದವಿತ್ತು. ಅದನ್ನು ಇಲ್ಲಿ ಅಚ್ಚು ಮಾಡುವುದು ಬೇಡ; ‘ನೈತಿಕ’ ಎಂಬ ಪದದ ಮೊದಲ ಅಕ್ಷರ ಮುಚ್ಚಿಕೊಂಡು ಓದಿ, ಸಿಗುತ್ತದೆ. ‘ಸಾಂಸ್ಕೃತಿಕ’, ‘ಭೌತಿಕ’, ‘ಕಾರ್ತಿಕ’ ಎಲ್ಲದರ ಬಾಲದಲ್ಲೂ ಅದೇ ಇದೆ. ನಾವು ಹಾಕಿದ ಜರಡಿಗೆ ಅಕ್ಷರ ಗೊತ್ತಿತ್ತು, ಕನ್ನಡ ಗೊತ್ತಿರಲಿಲ್ಲ.

ಇದು ಹಳೆಯ ತೊಂದರೆ. 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲು ಆಗಲಿಲ್ಲ, ಊರಿನ ಹೆಸರಿನೊಳಗೆ ಒಂದು ಅಶ್ಲೀಲ ಪದ ಅಡಗಿತ್ತು. ಅಂದಿನಿಂದ ಈ ತಪ್ಪಿಗೆ ಆ ಊರಿನ ಹೆಸರೇ ಅಂಟಿಕೊಂಡಿದೆ. ನಮ್ಮಲ್ಲಿ ಅದಕ್ಕೆ ಸಮನಾದದ್ದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಆ ಕೆರೆಯ ಬಗ್ಗೆ ಮಾತಾಡಲು ಬಿಡದ ಜರಡಿ ಹನ್ನೆರಡನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರನ್ನೂ ಅಳಿಸುತ್ತದೆ. ಮಹಾರಾಷ್ಟ್ರದ ರಾಜಕಾರಣಿ ಗೋಪಿನಾಥ ಮುಂಡೆ ಅವರ ಹೆಸರು, ಮಂಗಳೂರು ಕಡೆಯ ಬೋಳಿಯಾರು ಗ್ರಾಮದ ಹೆಸರು, ಇವಕ್ಕೂ ಅದೇ ಗತಿ.

ಹಾಗಾದರೆ ಸರಿಯಾದ ಜರಡಿ ಕಟ್ಟುವುದು ಹೇಗೆ? ತಪ್ಪು ಮಾಡಿ ತಿದ್ದಿಕೊಂಡ ಕ್ರಮದಲ್ಲೇ ಹೇಳುತ್ತೇನೆ.

ಹೆಜ್ಜೆ 1: ಪಟ್ಟಿಗೆ ಮೊದಲು ನಿಯಮ

ಯಾವುದು ಬೇಡ ಎಂದು ನಾಲ್ಕು ಸಾಲಿನಲ್ಲಿ ಬರೆದು ಗುಂಪಿನ ತಲೆಗೆ ಅಂಟಿಸಿ. ವ್ಯಕ್ತಿಯ ಮೇಲೆ ಬೀಳುವ ಬೈಗುಳ, ಜಾತಿ-ಧರ್ಮ-ಹೆಣ್ಣುತನ ಹಿಡಿದು ಆಡುವ ಹೀನಾಯ, ಬೆದರಿಕೆ, ಇನ್ನೊಬ್ಬರ ಫೋನ್ ನಂಬರ್ ಅಥವಾ ಮನೆ ವಿಳಾಸ ಹಾಕುವುದು. ಸಂಘದ ಲೆಕ್ಕಪತ್ರ ಟೀಕಿಸುವುದು, ನೀರು ಬಿಡದ ಅಧಿಕಾರಿಯ ಮೇಲೆ ರೇಗುವುದು ಇದರಲ್ಲಿ ಸೇರಬಾರದು. ಅದನ್ನೂ ಸೇರಿಸಿದರೆ ಜರಡಿ ಪದಾಧಿಕಾರಿಗಳ ಗುರಾಣಿಯಾಗುತ್ತದೆ.

ಹೆಜ್ಜೆ 2: ಬರಹದ ನಕಲು ಮಾಡಿ, ನಕಲನ್ನು ತೊಳೆಯಿರಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಕನ್ನಡದ ಜರಡಿಗಳು ಹೆಚ್ಚಾಗಿ ಸೋರುವುದು ಇಲ್ಲೇ.

ಈ ಎರಡನ್ನು ನೋಡಿ: ‘ಹಂದಿ’, ‘ಹ೦ದಿ’. ಕಣ್ಣಿಗೆ ಒಂದೇ. ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿರುವುದು ಕನ್ನಡದ ಅಂಕಿ ಸೊನ್ನೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಕಂಪ್ಯೂಟರಿಗೆ ಇವೆರಡೂ ಬೇರೆ ಬೇರೆ ಪದ, ಹಾಗಾಗಿ ಎರಡನೆಯದು ಆರಾಮಾಗಿ ದಾಟಿಹೋಗುತ್ತದೆ. ನಮಗಿಂತ ಮುಂಚಿನ 128 ಸ್ಥಾನಗಳು ತೆಲುಗಿನವು, ಅಲ್ಲೂ ನೋಡಲು ನಮ್ಮವುಗಳಂತೆಯೇ ಇರುವ ಅಕ್ಷರಗಳಿವೆ. ಬೆಂಗಳೂರಿನ ಎಷ್ಟೋ ಫೋನುಗಳಲ್ಲಿ ಎರಡೂ ಕೀಬೋರ್ಡ್ ಇರುತ್ತವೆ.

ಇನ್ನೊಂದು, ‘ಕೋ’ ಅಕ್ಷರದ ಓತ್ವ. ಅದನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡು ಸೇರಿಸಿಯೂ ಇಡಬಹುದು, ಪರದೆಯ ಮೇಲೆ ಒಂದೇ ತರಹ ಕಾಣುತ್ತದೆ. ಇಂಥವನ್ನು ಒಂದೇ ರೂಪಕ್ಕೆ ತರುವ ವಿಧಾನಕ್ಕೆ ಯೂನಿಕೋಡ್ ನಾರ್ಮಲೈಸೇಶನ್ ಎನ್ನುತ್ತಾರೆ. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಅದನ್ನು ಮೊದಲು ಓಡಿಸಿ. ಆಮೇಲೆ ಸೊನ್ನೆಯನ್ನು ಅನುಸ್ವಾರಕ್ಕೆ ತಿರುಗಿಸಿ (ಅಕ್ಕಪಕ್ಕ ಅಂಕಿಗಳಿದ್ದರೆ ಬಿಡಿ), ಎಳೆದು ಬರೆದ ಅಕ್ಷರಗಳನ್ನು ಕುಗ್ಗಿಸಿ, ನಡುವೆ ತುರುಕಿದ ಚುಕ್ಕಿ, ನಕ್ಷತ್ರ ತೆಗೆಯಿರಿ.

ಕಣ್ಣಿಗೆ ಕಾಣದ ಜೋಡಕಗಳೂ ಇವೆ, ಸಂಖ್ಯೆ 8204 ಮತ್ತು 8205. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವ’ ಒತ್ತಾಗದಂತೆ ತಡೆಯುವುದು ಮೊದಲನೆಯದು. ಬೈಗುಳದ ನಡುವೆ ಇದನ್ನು ಸೇರಿಸಿದರೆ ಜರಡಿ ಕುರುಡಾಗುತ್ತದೆ. ಎಲ್ಲ ಕಡೆ ಕಿತ್ತುಹಾಕಿದರೆ ಸಭ್ಯ ಬರಹ ಕೆಡುತ್ತದೆ. ನಕಲು ಮಾಡಿ ಎಂದದ್ದು ಅದಕ್ಕೇ. ತೊಳೆಯುವುದು, ಹೋಲಿಸುವುದು ಎಲ್ಲ ನಕಲಿನಲ್ಲಿ. ಓದುಗರಿಗೆ ಕಾಣುವ ಮೂಲವನ್ನು ಮುಟ್ಟಬೇಡಿ.

ಪದಗಳ ನಡುವಿನ ಖಾಲಿ ಜಾಗವನ್ನು ಮಾತ್ರ ತೆಗೆಯಬಾರದು. ‘ನೀತಿ ಕಥೆ’ಯನ್ನು ಕೂಡಿಸಿ ನೋಡಿ, ನಮ್ಮ ಕಾರ್ಯದರ್ಶಿಯವರನ್ನು ಹೊರಹಾಕಿದ ಪದ ಅಲ್ಲೂ ಎದ್ದು ಬರುತ್ತದೆ.

ಹೆಜ್ಜೆ 3: ಪಟ್ಟಿ ನಾಲಿಗೆಯಿಂದ ಬರಲಿ

ಇಂಗ್ಲಿಷ್ ಪಟ್ಟಿಯನ್ನು ಅನುವಾದಿಸಿ ಹಾಕಬೇಡಿ. ಹಾಗೆ ಬಂದ ಪಟ್ಟಿಯಲ್ಲಿ ‘ನಾಯಿ’, ‘ಕತ್ತೆ’ ಇರುತ್ತವೆ, ನಿಜವಾಗಿ ಕುಯ್ಯುವ ಮಾತುಗಳು ಇರುವುದಿಲ್ಲ. ಬೀದಿನಾಯಿಗೆ ರೇಬೀಸ್ ಲಸಿಕೆ ಹಾಕಿಸುವ ಚರ್ಚೆ ನಮ್ಮ ಗುಂಪಿನಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ‘ಮಗ’ ಎಂಬುದನ್ನಂತೂ ಒಂಟಿಯಾಗಿ ಸೇರಿಸಲೇಬೇಡಿ. “ಏನ್ ಮಗಾ ಸಮಾಚಾರ” ಇಲ್ಲದೆ ಬೆಂಗಳೂರಿನಲ್ಲಿ ಮಾತೇ ಶುರುವಾಗುವುದಿಲ್ಲ.

ಬೇರೆ ಬೇರೆ ಸೀಮೆಯ ನಾಲ್ಕೈದು ಜನರನ್ನು ಕೂರಿಸಿಕೊಳ್ಳಿ. ಮಂಡ್ಯದವರು ‘ಬಡ್ಡೆತ್ತದ್ದೇ’ ಎಂದರೆ ಪ್ರೀತಿಯೂ ಇರಬಹುದು. ಧಾರವಾಡದ ಗೆಳೆಯರ ‘ಲೇ’ ಸಲಿಗೆ, ಅದೇ ‘ಲೇ’ ಗುರುತಿಲ್ಲದವರ ಬಾಯಲ್ಲಿ ಅವಮಾನ. ನಾವು ಪ್ರತಿ ಪದಕ್ಕೂ ಮೂರು ದರ್ಜೆ ಮಾಡಿಕೊಂಡೆವು: ಯಾವ ಸಂದರ್ಭದಲ್ಲೂ ಬೇಡದ್ದು, ನೋಡಿ ತೀರ್ಮಾನಿಸಬೇಕಾದದ್ದು, ಒಂದೆರಡು ಸಲಕ್ಕೆ ಬಿಡಬಹುದಾದದ್ದು. ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವ ರೂಪಗಳೆಲ್ಲ ಮೊದಲ ದರ್ಜೆಗೆ ಹೋದವು. ಈ ಬಗ್ಗೆ ನಮ್ಮಲ್ಲಿ ಚರ್ಚೆಯೇ ಆಗಲಿಲ್ಲ.

ಹೆಜ್ಜೆ 4: ಪದದ ಮೊದಲಿನಿಂದ ಹೋಲಿಸಿ

ಇಡೀ ಪದ ಹೊಂದಿದರೆ ಮಾತ್ರ ಹಿಡಿ ಎಂದರೆ ಕನ್ನಡದಲ್ಲಿ ಏನೂ ಸಿಗುವುದಿಲ್ಲ. ‘ಹಂದಿ’ ಸಿಕ್ಕರೂ ‘ಹಂದಿಯಂಥ’, ‘ಹಂದಿಗಳಿಗೆ’ ಜಾರಿಕೊಳ್ಳುತ್ತವೆ. ಎಲ್ಲಿದ್ದರೂ ಹಿಡಿ ಎಂದರೆ ‘ಸಾಂಸ್ಕೃತಿಕ’ ಸಿಕ್ಕಿಬೀಳುತ್ತದೆ. ನಮ್ಮ ಪ್ರತ್ಯಯಗಳು ಪದದ ಹಿಂದೆ ಅಂಟುತ್ತವೆ. ಸಮಾಸವಾದ ಬೈಗುಳಗಳಲ್ಲೂ ಚುಚ್ಚುವ ಭಾಗ ಸಾಮಾನ್ಯವಾಗಿ ಮೊದಲು, ‘ಮಗ’, ‘ಮಕ್ಕಳು’ ಆಮೇಲೆ. ಹಾಗಾಗಿ ಪದದ ಆರಂಭವನ್ನು ಹೋಲಿಸಿ, ಬಾಲವನ್ನು ಬಿಡಿ. ಈ ಒಂದು ಬದಲಾವಣೆಯಿಂದ ನಮ್ಮ ಕರೆಯೋಲೆ ಪಾರಾಯಿತು.

ಆದರೂ ‘ತಿಕ್ಕಾಟ’ ಸಿಕ್ಕಿಬಿತ್ತು, ಏಕೆಂದರೆ ಕಂಪ್ಯೂಟರ್ ಒತ್ತಕ್ಷರವನ್ನು ತುಂಡು ತುಂಡಾಗಿ ಓದುತ್ತದೆ. ಹೊಂದಿದ ಭಾಗದ ಮುಂದೆ ಒತ್ತು ಮಾಡಿಸುವ ಹಲಂತ ಚಿಹ್ನೆ (್) ಬಂದರೆ ಬಿಟ್ಟುಬಿಡು ಎಂದು ಹೇಳಬೇಕು. ಎಲ್ಲ ಪದಕ್ಕೂ ಹೀಗೆ ಹೇಳಿದರೆ ‘ಲೋಫರ್’, ‘ಲೋಫರು’, ‘ಲೋಫರ್ರು’ ಮೂರನ್ನೂ ಒಂದೇ ಬೇರಿನಿಂದ ಹಿಡಿಯಲು ಆಗುವುದಿಲ್ಲ. ಪ್ರತಿ ಪದದ ಮುಂದೆ ಈ ಗುರುತನ್ನು ಪ್ರತ್ಯೇಕವಾಗಿ ಹಾಕಿ. ಬೇಸರದ ಕೆಲಸ, ಒಂದು ಭಾನುವಾರ ಬೇಕು. ಉಳಿದ ‘ಸೂಳೆಕೆರೆ’ಯಂಥವಕ್ಕೆ ವಿನಾಯಿತಿ ಪಟ್ಟಿಯೇ ದಾರಿ. ಪಟ್ಟಿ ಸಾವಿರ ಪದವಾದರೂ ವೇಗದ ಚಿಂತೆ ಬೇಡ. 1975ರಲ್ಲಿ ಆಹೋ ಮತ್ತು ಕೊರಾಸಿಕ್ ರೂಪಿಸಿದ ವಿಧಾನ ಎಲ್ಲ ಪದಗಳನ್ನೂ ಒಂದೇ ಓದಿನಲ್ಲಿ ಹುಡುಕುತ್ತದೆ.

ಹೆಜ್ಜೆ 5: ಇಂಗ್ಲಿಷ್ ಅಕ್ಷರದ ಕನ್ನಡ

ಇಲ್ಲಿ ‘ಲ’-‘ಳ’, ‘ನ’-‘ಣ’ ಒಂದೇ ಆಗುತ್ತವೆ, ದೀರ್ಘ ಒಬ್ಬೊಬ್ಬರಿಗೆ ಒಂದೊಂದು ತರಹ, ‘ಎಸ್’ ಬದಲು ಡಾಲರ್ ಚಿಹ್ನೆ. ಜೋಡಿ ಸ್ವರಗಳನ್ನು ಒಂದಾಗಿಸಿ, ಚಿಹ್ನೆಗಳನ್ನು ಅಕ್ಷರಕ್ಕೆ ತಿರುಗಿಸಿ, ಬೇರೆಯದೇ ಪಟ್ಟಿಯೊಂದಿಗೆ ಹೋಲಿಸಿ. ಪೂರ್ತಿ ಸಿಗುವುದಿಲ್ಲ. ಯಂತ್ರಕಲಿಕೆಯ ಮಾದರಿಗಳು ಇಲ್ಲಿ ಕೈಹಿಡಿಯಬಹುದು: ಗೂಗಲ್‌ನ ಭಾರತದ ಸಂಶೋಧಕರು ಹೊರತಂದ ಮ್ಯೂರಿಲ್ ಎಂಬ ಮಾದರಿ ಕನ್ನಡವೂ ಸೇರಿ 17 ಭಾಷೆಗಳನ್ನು, ರೋಮನ್ ಲಿಪಿಯ ಬರಹವನ್ನೂ ಓದಿ ಕಲಿತಿದೆ. ಇಂಗ್ಲಿಷ್ ಬೆರೆತ ತಮಿಳು, ಮಲಯಾಳ, ಕನ್ನಡ ಬರಹದಲ್ಲಿ ನಿಂದನೆ ಗುರುತಿಸುವ ಸಂಶೋಧಕರ ಸ್ಪರ್ಧೆಯೊಂದು 2021ರಲ್ಲಿ ನಡೆಯಿತು. ಅಲ್ಲಿ ನಿಂದನೆಯನ್ನು ಅದು ಒಬ್ಬ ವ್ಯಕ್ತಿಯ ಮೇಲೋ, ಒಂದು ಗುಂಪಿನ ಮೇಲೋ, ಸುಮ್ಮನೆ ಗಾಳಿಗೋ ಎಂದು ವಿಂಗಡಿಸಿದ್ದರು. ಸಣ್ಣ ಗುಂಪಿನವರೂ ಈ ವಿಂಗಡಣೆಯನ್ನು ಎರವಲು ಪಡೆಯಬಹುದು. “ಥೂ, ಈ ದರಿದ್ರ ಟ್ರಾಫಿಕ್ಕು” ಎಂಬುದಕ್ಕೂ “ನೀನು ದರಿದ್ರದವನು” ಎಂಬುದಕ್ಕೂ ಇರುವ ಅಂತರ ಅದೇ.

ಹೆಜ್ಜೆ 6: ಹಿಡಿದ ಮೇಲೆ?

ನಮ್ಮ ದೊಡ್ಡ ತಪ್ಪು ಇಲ್ಲಿತ್ತು. ಹಿಡಿಯುವುದನ್ನೂ ಶಿಕ್ಷೆ ಕೊಡುವುದನ್ನೂ ಬಾಟ್‌ಗೇ ಒಪ್ಪಿಸಿದ್ದೆವು. ಈಗ ಮೊದಲ ದರ್ಜೆಯ ಪದವಿದ್ದರೆ ಸಂದೇಶ ತಕ್ಷಣ ಮರೆಯಾಗುತ್ತದೆ. ಎರಡನೆಯದಾದರೆ ಮೇಲ್ವಿಚಾರಕರ ಮುಂದೆ ಬಂದು ಕಾಯುತ್ತದೆ. ಮೂರನೆಯದಕ್ಕೆ ಬರೆದವರಿಗೆ ಮಾತ್ರ ಕಾಣುವ ಒಂದು ಸೂಚನೆ. ಯಾವ ಪದದಿಂದಾಗಿ ತಡೆಯಲಾಯಿತು ಎಂದು ಬಾಟ್ ಹೇಳಲೇಬೇಕು. ಕಾರಣ ಹೇಳದೆ ಅಳಿಸಿದರೆ ಸಭ್ಯರು ನೊಂದುಕೊಂಡು ಸುಮ್ಮನಾಗುತ್ತಾರೆ, ಕಿಡಿಗೇಡಿಗಳು ಹೊಸ ಕಾಗುಣಿತ ಹುಡುಕುತ್ತಾರೆ. ಗುಂಪಿನಿಂದ ಹೊರಹಾಕುವ ಅಧಿಕಾರ ಯಂತ್ರಕ್ಕೆ ಇಲ್ಲ. ಇಬ್ಬರು ಮೇಲ್ವಿಚಾರಕರು ಒಪ್ಪಿದರೆ ಮಾತ್ರ.

ಜರಡಿಗೆ ಸಿಗದ ನೋವು ಯಾವುದು ಎಂದು ನನಗೆ ಗೊತ್ತಾದದ್ದು 2024ರ ಬೇಸಿಗೆಯಲ್ಲಿ, ಬೆಂಗಳೂರಿಗೆ ಬೆಂಗಳೂರೇ ಟ್ಯಾಂಕರ್‌ಗೆ ಕಾಯುತ್ತಿದ್ದಾಗ. ನೀರಿನ ಸರದಿ ಬಗ್ಗೆ ಕೇಳಿದ ಒಬ್ಬ ಹೆಣ್ಣುಮಗಳಿಗೆ ಬಂದ ಉತ್ತರ: “ಬಾಡಿಗೆಗೆ ಬಂದವರು ಮಾತಾಡೋ ಹಾಗಿಲ್ಲ. ಕಷ್ಟ ಆದ್ರೆ ನಿಮ್ಮೂರಿಗೆ ಹೊರಡಿ.” ಒಂದೇ ಒಂದು ಕೆಟ್ಟ ಪದವಿಲ್ಲ. ಅವರು ಅದೇ ರಾತ್ರಿ ಗುಂಪು ಬಿಟ್ಟರು. ಇಂಥದ್ದನ್ನು ಓದಿ, ಅಳಿಸಿ, ಬರೆದವರಿಗೆ ಫೋನ್ ಮಾಡಿ ಮಾತಾಡಲು ಮನುಷ್ಯರೇ ಬೇಕು. ಬೆಳಗ್ಗೆ ಒಬ್ಬರು, ರಾತ್ರಿ ಒಬ್ಬರು ಎಂದು ಪಾಳಿ ಹಾಕಿಕೊಳ್ಳಿ, ಏನು ಏಕೆ ಅಳಿಸಿದಿರಿ ಎಂದು ಒಂದು ದಾಖಲೆ ಇಡಿ, ಮೇಲ್ಮನವಿಯನ್ನು ಅಳಿಸಿದವರಲ್ಲದ ಇನ್ನೊಬ್ಬರು ನೋಡಲಿ.

ಕಾನೂನಿನ ಭಯ ಹಲವರಿಗಿದೆ. ಸದಸ್ಯರು ಹಾಕಿದ ಪೋಸ್ಟ್‌ಗೆ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದುಮಾಡಿದೆ. ಆದರೆ ಬೆದರಿಕೆ, ಅಶ್ಲೀಲ ಚಿತ್ರ, ಜಾತಿನಿಂದನೆ ಕಂಡರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ನೊಂದವರು ದೂರು ಕೊಡಲು ಹೋದಾಗ ಸಾಕ್ಷ್ಯ ಬೇಕಾಗುತ್ತದೆ.

ಹೆಜ್ಜೆ 7: ಚಾಲೂ ಮಾಡುವ ಮೊದಲು ಪರೀಕ್ಷೆ

ಗುಂಪಿನ ಹಿಂದಿನ ಮೂರು ತಿಂಗಳ ಸಂದೇಶಗಳನ್ನು ಜರಡಿಯಲ್ಲಿ ಹಾಯಿಸಿ, ಸಿಕ್ಕಿಬಿದ್ದ ಪ್ರತಿಯೊಂದನ್ನೂ ಕಣ್ಣಾರೆ ಓದಿ. ಜೊತೆಗೆ, ಯಾವ ಕಾರಣಕ್ಕೂ ಸಿಕ್ಕಿಬೀಳಬಾರದ ವಾಕ್ಯಗಳ ಒಂದು ಹಾಳೆ ಇಟ್ಟುಕೊಳ್ಳಿ. ಪಟ್ಟಿಗೆ ಹೊಸ ಪದ ಸೇರಿಸಿದಾಗಲೆಲ್ಲ ಆ ಹಾಳೆ ಮತ್ತೆ ಓಡಬೇಕು. ನಮ್ಮದರಲ್ಲಿ ಈಗ ಅರವತ್ತು ಸಾಲುಗಳಿವೆ. ‘ಸೂಳೆಕೆರೆಯಲ್ಲಿ ನೀರು ಎಷ್ಟಿದೆ?’, ‘ಬೀದಿನಾಯಿಗೆ ಲಸಿಕೆ ಹಾಕಿಸಿದಿರಾ?’, ‘ನೀತಿ ಕಥೆ ಸ್ಪರ್ಧೆ’. ಮೊದಲ ಸಾಲು ಕಾರ್ಯದರ್ಶಿಯವರ ಆ ಕರೆಯೋಲೆ, ಅವರು ಬರೆದ ಹಾಗೆಯೇ.