ಹಳೇ ಕಾರಿನ ಮೈಮೇಲಿನ ಬರಹ ಓದೋದು ಹೇಗೆ?

ದಾವಣಗೆರೆಯ ಹದಡಿ ರಸ್ತೆಯಲ್ಲಿ ಒಂದು ಹಳೇ ಕಾರು ನೋಡೋಕೆ ಹೋಗಿದ್ದೆ. ಕೆಎ-17 ನಂಬರ್, ಫಳಫಳ ಬಣ್ಣ, ಹಿಂದೆ ಟಾಪ್ ಮಾಡೆಲ್ ಬ್ಯಾಡ್ಜ್. ಒಳಗೆ ನೋಡಿದರೆ ಏರ್‌ಬ್ಯಾಗೇ ಇಲ್ಲ! ಬ್ಯಾಡ್ಜ್ ಅಂಗಡಿಯಲ್ಲೂ ಸಿಗುತ್ತೆ, ಸುಮ್ನೆ ನಂಬಬೇಡಿ.

ಬಾನೆಟ್ ಎತ್ತಿ ಚಾಸಿ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, ಹುಡುಕಿ. ಕೆಲವು ಕಾರಲ್ಲಿ ಸೀಟಿನ ಕೆಳಗಿರುತ್ತೆ. ಧೂಳು ಒರೆಸಿ ಎಣಿಸಿ, ಅಕ್ಷರ-ಅಂಕಿ ಸೇರಿ 17. ಐ, ಓ, ಕ್ಯೂ ಇರಲ್ಲ. 1, 0 ಜೊತೆ ಗೊಂದಲ ಆಗಬಾರದಲ್ವಾ. ಎಂಎ3 ಅಂತ ಶುರುವಾದರೆ ಮಾರುತಿ, ಎಂಎಟಿ ಅಂದರೆ ಟಾಟಾ. ಆರ್‌ಸಿ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡಿ. ಅಂಕಿಗಳ ಸುತ್ತ ಗ್ರೈಂಡರ್ ಗೆರೆ ಕಂಡರೆ ನಂಬರ್ ಉಜ್ಜಿ ಬದಲಿಸಿರಬಹುದು, ಎದ್ದು ಬನ್ನಿ.

ಟೈರ್ ಮೇಲೆ 2319 ಅಂತಿದ್ದರೆ ಅದು ತಯಾರಾಗಿದ್ದು 2019ರ 23ನೇ ವಾರ. ಗಾಜುಗಳಲ್ಲಿ ಒಂದಕ್ಕೆ ಮಾತ್ರ ಬೇರೆ ಕಂಪನಿ ಮುದ್ರೆ ಇದೆಯಾ? "ಇದ್ಯಾವಾಗ ಒಡೀತಣ್ಣಾ?" ಅಂತ ಕೇಳಿಬಿಡಿ.